ಲಾಭಕ್ಕೆ ಎಳೆದ ಗೆರೆ: ಮಂಗಳೂರಿನ ಬಾಸೆಲ್ ಮಿಷನ್ ಮತ್ತು ಅದರ ಕಾರ್ಖಾನೆಗಳು

ಬಾಸೆಲ್ ಮಿಷನ್ ಎಂದರೆ ಕರಾವಳಿಯವರಿಗೆ ಮೊದಲು ನೆನಪಾಗುವುದು ಹಂಚು, ಕನ್ನಡ ಓದುಗರಿಗೆ ಕಿಟ್ಟೆಲ್ ಕೋಶ. ಜೇಡಿಮಣ್ಣಿನ ಹಂಚು, ಹತ್ತಿಯ ಬಟ್ಟೆ, ಅಚ್ಚಿನ ಪುಸ್ತಕ ಮೂರನ್ನೂ ಮಾಡಿ ಮಾರಿದ್ದು ಒಂದೇ ಸಂಸ್ಥೆ. ಆದರೆ ಅದು ಮಂಗಳೂರಿಗೆ ಬಂದದ್ದು ವ್ಯಾಪಾರಕ್ಕಲ್ಲ, ಸುವಾರ್ತೆ ಸಾರಲು. ತನಗಾಗಿ ಏನನ್ನೂ ಇಟ್ಟುಕೊಳ್ಳಬಾರದು ಎಂಬ ನಂಬಿಕೆಯಿಂದ ಹೊರಟವರು ಕಾರ್ಖಾನೆ ಕಟ್ಟಿದರು, ಷೇರು ಬಂಡವಾಳ ಕೂಡಿಸಿದರು, ಕಡಲಾಚೆಗೆ ಸರಕು ಕಳಿಸಿದರು, ಲಾಭವನ್ನೂ ಕಂಡರು. ಆ ಲಾಭ ಯಾರಿಗೆ ಸೇರಬೇಕು, ಎಷ್ಟು ಸೇರಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳು ಅವರನ್ನು ಎಂಬತ್ತು ವರ್ಷ ಬಿಡದೆ ಕಾಡಿದವು. ಕ್ರೈಸ್ತ ಬದುಕಿನಲ್ಲಿ ನಿಸ್ವಾರ್ಥ ಮತ್ತು ಸ್ವಹಿತಗಳ ತಿಕ್ಕಾಟವನ್ನು ಉಪದೇಶಗಳಲ್ಲಿ ಹುಡುಕುವ ಬದಲು ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಹುಡುಕಿದರೆ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಈ ಕಥೆಯ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ರೈನ್ ನದಿಯ ತಿರುವಿನಲ್ಲಿ, ಜರ್ಮನಿ ಮತ್ತು ಫ್ರಾನ್ಸ್ ಎರಡರ ಗಡಿಗೂ ಅಂಟಿಕೊಂಡಿರುವ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ರೇಷ್ಮೆ ರಿಬ್ಬನ್ನಿನ ನೇಯ್ಗೆಗೆ ಹೆಸರಾಗಿತ್ತು. ಅಲ್ಲಿನ ಹಳೆಯ ವ್ಯಾಪಾರಿ ಮನೆತನಗಳು ಹಣವಂತವೂ ಹೌದು, ದೈವಭಕ್ತವೂ ಹೌದು. 1815ರಲ್ಲಿ ಮಿಷನ್ ಹುಟ್ಟಿದಾಗ ಅದರ ಆಡಳಿತ ಮಂಡಳಿಯಲ್ಲಿ ಇಂಥ ಮನೆತನದವರೂ ಪಾದ್ರಿಗಳೂ ಜೊತೆಯಾಗಿ ಕುಳಿತರು. ಮರುವರ್ಷ ತರಬೇತಿ ಶಾಲೆ ಆರಂಭವಾಯಿತು. ಅಲ್ಲಿಗೆ ಕಲಿಯಲು ಬಂದವರಲ್ಲಿ ಹೆಚ್ಚಿನವರು ನೆರೆಯ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. ಪಯಟಿಸ್ಟ್ ಎಂಬ ಭಕ್ತಿಪಂಥದಲ್ಲಿ ಬೆಳೆದ ಅವರಿಗೆ ದುಡಿಮೆ, ಮಿತವ್ಯಯ, ಪ್ರಾರ್ಥನೆ ಒಂದೇ ಬದುಕಿನ ಮೂರು ಭಾಗಗಳಾಗಿದ್ದವು.

ಹಣ ಕೊಡುವವರು ಶ್ರೀಮಂತರು, ಕಡಲು ದಾಟುವವರು ಬಡವರು. ಈ ಏರ್ಪಾಡಿನಲ್ಲಿದ್ದ ಅಂತರ ಮುಂದೆ ಮಂಗಳೂರಿನವರೆಗೂ ಬಂತು. ಹಾಗೆಂದು ಕೊಡುಗೆಯೆಲ್ಲ ದೊಡ್ಡ ಮನೆಗಳಿಂದಲೇ ಬರುತ್ತಿರಲಿಲ್ಲ. 1850ರ ದಶಕದ ನಡುವೆ ಮಿಷನ್ ಸಾಲದಲ್ಲಿ ಸಿಕ್ಕಿಕೊಂಡಾಗ ಬಾಸೆಲ್ಲಿನ ರಿಬ್ಬನ್ ಉದ್ಯಮಿ ಕಾರ್ಲ್ ಸರಾಸಿನ್ ಒಂದು ಹೊಸ ಪದ್ಧತಿ ತಂದರು. ಪ್ರತಿಯೊಬ್ಬ ಬೆಂಬಲಿಗ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ಸಾಂತೀಮಿನಷ್ಟು ಚಿಲ್ಲರೆ ಕಾಸು ಕೊಡಬೇಕು. ಊರೂರಿನ ಸಂಗ್ರಾಹಕರು ಮನೆಮನೆಗೆ ಹೋಗಿ ಅದನ್ನು ಕೂಡಿಸಬೇಕು. ಮನೆಗೆಲಸದ ಹೆಂಗಸರು, ಕೂಲಿಯಾಳುಗಳು, ಶಾಲೆಯ ಮಕ್ಕಳು ಕೊಟ್ಟ ಈ ಕಾಸು ಮಿಷನ್ನಿನ ಆದಾಯದಲ್ಲಿ ದೊಡ್ಡ ಪಾಲಾಗಿ ಬೆಳೆಯಿತು. ಮಂಗಳೂರು ಎಲ್ಲಿದೆಯೆಂದು ನಕಾಶೆಯಲ್ಲಿ ತೋರಿಸಲಾರದ ಜನ ತಮ್ಮ ರೊಟ್ಟಿಯ ಹಣದಲ್ಲಿ ಉಳಿಸಿ ಕೊಟ್ಟದ್ದು ಅದು. ಹಿಂದಿರುಗಿ ಏನೂ ಬರುವುದಿಲ್ಲವೆಂದು ಗೊತ್ತಿದ್ದೂ ಅವರು ವಾರವಾರ ಕೊಟ್ಟರು. ಈ ಇತಿಹಾಸದಲ್ಲಿ ನಿಸ್ವಾರ್ಥವೆಂದು ಅನುಮಾನವಿಲ್ಲದೆ ಹೇಳಬಹುದಾದದ್ದು ಮೊದಲು ಈ ಕಾಸನ್ನೇ.

ಬ್ರಿಟಿಷರಲ್ಲದ ಮಿಷನರಿಗಳಿಗೆ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆ. ಮರುವರ್ಷವೇ ಸ್ಯಾಮುವೆಲ್ ಹೆಬಿಕ್, ಯೋಹಾನ್ ಲೆಹ್ನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರು ಸೇರಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಶಾಲೆಗಳು ತೆರೆದವು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ನಿಂತಿತು, 1843ರ ಜುಲೈ 1ರಂದು ಅದೇ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು.

ಕಷ್ಟ ಎದುರಾದದ್ದು ಜನ ದೀಕ್ಷಾಸ್ನಾನ ಪಡೆಯಲು ಮುಂದೆ ಬಂದಾಗ.

ತುಳುನಾಡಿನಲ್ಲಿ ಮಿಷನ್ನಿನ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರಲ್ಲಿ ಹಲವರ ಕಸುಬು ಮೂರ್ತೆದಾರಿಕೆ, ಅಂದರೆ ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು. ಕುಡಿತವನ್ನು ಪಾಪವೆಂದು ಕಂಡ ಮಿಷನ್ ಸಭೆಗೆ ಬಂದವರು ಆ ಕಸುಬು ಬಿಡಬೇಕೆಂದು ಕಟ್ಟುನಿಟ್ಟು ಮಾಡಿತು. ತಾಯಿಯ ಕಡೆಯಿಂದ ವಾರಸು ನಡೆಯುವ ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ಇಡೀ ಕವಲಿನದು. ಒಬ್ಬ ಹೊರಬಿದ್ದರೆ ತನ್ನ ಪಾಲೆಂದು ಬಿಡಿಸಿಕೊಂಡು ಬರುವ ದಾರಿಯಿರಲಿಲ್ಲ. ಧರ್ಮ ಬದಲಿಸಿದವರ ವಾರಸು ಹಕ್ಕು ಕಾಯಲು 1850ರಲ್ಲಿ ಕಾಯ್ದೆ ಬಂದರೂ ಇಂಥ ಅವಿಭಕ್ತ ಆಸ್ತಿಯ ಮುಂದೆ ಅದರಿಂದ ಆಗುತ್ತಿದ್ದ ಉಪಕಾರ ಕಡಿಮೆ. ಗೇಣಿಗೆ ಭೂಮಿ ಮಾಡುತ್ತಿದ್ದವನನ್ನು ಧಣಿ ಎಬ್ಬಿಸಬಹುದಿತ್ತು. ಬಾವಿ, ಮದುವೆ, ಸಾವಿನ ಮನೆ ಎಲ್ಲ ಕಡೆಯಿಂದಲೂ ಜಾತಿಯವರು ದೂರ ಇಡುತ್ತಿದ್ದರು. ನಂಬಿಕೆ ಬದಲಿಸಿದವನು ಸಂಜೆಯ ಗಂಜಿಗೆ ಏನು ಮಾಡಬೇಕೆಂಬುದಕ್ಕೆ ಮಿಷನರಿಗಳ ಬಳಿ ತಕ್ಷಣದ ಉತ್ತರವಿರಲಿಲ್ಲ.

ಸಂದೇಹ ಆಗಲೇ ಎರಡೂ ಕಡೆ ಹುಟ್ಟಿತು. ಅಕ್ಕಿಯ ಆಸೆಗೆ ಮತ ಬಿಟ್ಟರೆಂದು ಊರವರು ಆಡಿಕೊಂಡರು. ಬಂದವರ ಮನಸ್ಸು ದೇವರ ಕಡೆಗಿದೆಯೋ ಕೆಲಸದ ಕಡೆಗಿದೆಯೋ ಎಂದು ಮಿಷನರಿಗಳೂ ಬಾಸೆಲ್ಲಿಗೆ ಬರೆದ ವರದಿಗಳಲ್ಲಿ ತೂಗಿ ನೋಡಿದರು. ಎಲ್ಲವನ್ನೂ ಕಳೆದುಕೊಂಡು ಬಂದವನ ಹಸಿವನ್ನು ಸ್ವಾರ್ಥವೆಂದು ಕರೆಯುವುದು ಸುಲಭ. ಆದರೆ ಕಸುಬು ಬಿಡಿಸಿದ್ದು ಸಭೆಯ ನಿಯಮವೇ ಆದಾಗ ಬೇರೆ ಕಸುಬು ಕೊಡುವ ಹೊಣೆಯೂ ಸಭೆಯ ಮೇಲೆ ಬಿತ್ತು. ಮಂಗಳೂರಿನ ಕಾರ್ಖಾನೆಗಳು ಹುಟ್ಟಿದ್ದು ಈ ಹೊಣೆಯಿಂದ.

ಮೊದಲು ನೋಡಿದ್ದು ಬೇಸಾಯವನ್ನು. ಬಲ್ಮಠದ ಗುಡ್ಡದಲ್ಲಿ ಸಿಕ್ಕಿದ ಜಾಗದಲ್ಲಿ ಕೃಷಿ ನಡೆಯಿತು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಭೂಮಿ ಪಡೆದು ಕ್ರೈಸ್ತ ಗ್ರಾಮವೊಂದನ್ನು ಕಟ್ಟುವ ಯತ್ನವೂ ಆಯಿತು. ಎರಡೂ ಕೈಗೂಡಲಿಲ್ಲ. ಬಳಿಕ ಸಣ್ಣಪುಟ್ಟ ಕೈಕಸುಬುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಗಟ್ಟಿಯಾಗಿ ನೆಲೆ ನಿಂತದ್ದು ಅಚ್ಚುಕೂಟ ಮತ್ತು ನೇಯ್ಗೆ. 1851ರಲ್ಲಿ ಬಂದ ಯೋಹಾನ್ ಹಾಲರ್ ನೇಯ್ಗೆ ಬಲ್ಲವರು. ಅವರು ಯುರೋಪಿನ ಸುಧಾರಿತ ಕೈಮಗ್ಗಗಳನ್ನು ತಂದು ಮಂಗಳೂರಿನಲ್ಲಿ ಹೂಡಿದರು, ಸ್ಥಳೀಯ ಗಿಡಮರಗಳ ಬಣ್ಣಗಳನ್ನು ಪ್ರಯೋಗಿಸಿದರು. ಖಾಕಿ ಬಣ್ಣ ಹುಟ್ಟಿದ್ದೇ ಅವರ ಬಣ್ಣದ ಮನೆಯಲ್ಲಿ ಎಂಬ ಮಾತು ಮಂಗಳೂರಿನಲ್ಲಿ ಇಂದಿಗೂ ಕೇಳುತ್ತದೆ. ವಾಯವ್ಯ ಗಡಿಯ ಗೈಡ್ಸ್ ಪಡೆ 1840ರ ದಶಕದಲ್ಲೇ ಮಣ್ಣಿನ ಬಣ್ಣದ ಉಡುಪು ತೊಟ್ಟಿತ್ತಾದ್ದರಿಂದ ಮೊದಲಿಗರೆಂಬ ಹಕ್ಕು ವಾದಕ್ಕೆ ಬಿಟ್ಟದ್ದು. ಮಿಷನ್ನಿನ ಬಟ್ಟೆ ಗಟ್ಟಿ, ಬಣ್ಣ ಬಿಡದು ಎಂಬ ಹೆಸರಿನ ಬಗ್ಗೆ ಮಾತ್ರ ವಾದವಿಲ್ಲ. ಕಣ್ಣೂರು, ಕಲ್ಲಿಕೋಟೆಗಳಲ್ಲೂ ಮಗ್ಗಗಳು ಎದ್ದವು.

ಸಭೆಗೆ ಬಂದವರ ಮೇಲಿನ ನಿಯಮಕ್ಕಿಂತ ಮಿಷನರಿಗಳ ಸ್ವಂತ ಬದುಕಿಗೆ ಬಾಸೆಲ್ ಹಾಕಿದ ಕಟ್ಟುಗಳು ಬಿಗಿ. ಸ್ವಂತ ಲಾಭಕ್ಕೆ ವ್ಯಾಪಾರ ಮಾಡುವಂತಿಲ್ಲ. ಸಿಗುವುದು ಜೀವನ ನಡೆಯುವಷ್ಟು ಮಾತ್ರ. ಮಂಡಳಿಯ ಒಪ್ಪಿಗೆಯಿಲ್ಲದೆ ಮದುವೆಯಿಲ್ಲ. ಬಹುಕಾಲ ಇದರ ಫಲವೇನಾಗಿತ್ತೆಂದರೆ, ವರ ಮಂಗಳೂರಿನಲ್ಲೋ ಧಾರವಾಡದಲ್ಲೋ ಇದ್ದಾಗ ಮಂಡಳಿ ಒಪ್ಪಿದ ಹೆಣ್ಣು ಅವನನ್ನು ಒಮ್ಮೆಯೂ ನೋಡದೆ ಹಡಗು ಹತ್ತುತ್ತಿದ್ದಳು. 1850ರಿಂದ 1879ರವರೆಗೆ ಮಿಷನ್ನಿನ ಇನ್ಸ್‌ಪೆಕ್ಟರ್, ಅಂದರೆ ಮುಖ್ಯಸ್ಥ, ಆಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಖುದ್ದಾಗಿ ಭಾರತಕ್ಕೆ ಬಂದು ಎಲ್ಲ ಠಾಣೆಗಳನ್ನು ನೋಡಿದರು. ಹಿಂದಿರುಗಿದ ಮೇಲೆ ಅವರು ನಿಯಮಗಳನ್ನು ಇನ್ನಷ್ಟು ಬಿಗಿದರು. ಮಿಷನರಿಗಳ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಬಾಸೆಲ್ಲಿನ ಮಕ್ಕಳ ಮನೆಗೆ ಕಳಿಸಬೇಕೆಂಬುದೂ ಆ ಕಾಲದ ಕಟ್ಟಳೆ.

ಈ ಕೊನೆಯ ಕಟ್ಟಳೆಯ ಮುಂದೆ ಇತಿಹಾಸ ಓದುವವರು ಸ್ವಲ್ಪ ನಿಲ್ಲಬೇಕು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಮತ್ತೆ ಅದನ್ನು ನೋಡುತ್ತಿದ್ದುದು ಎಷ್ಟೋ ವರ್ಷಗಳ ಮೇಲೆ. ಕೆಲವರು ನೋಡಲೇ ಇಲ್ಲ. ಇದೇ ಮಿಷನ್ನಿನ ಮಿಷನರಿ, ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಬಾಲ್ಯದಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಅವಳು ಮತ್ತೆ ಅವರ ಬಳಿಗೆ ಬಂದದ್ದು ಹದಿಹರೆಯದಲ್ಲಿ. ಮುಂದೆ ಆಕೆ ಮಂಗಳೂರಿನಲ್ಲಿ ಕೆಲವು ವರ್ಷ ದುಡಿದಿದ್ದ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ತಂದೆತಾಯಿ ದೇವರಿಗಾಗಿ ಬಿಟ್ಟುಕೊಟ್ಟ ಸುಖದ ಬೆಲೆಯನ್ನು ಮಕ್ಕಳು ತೆತ್ತರು. ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಒಬ್ಬರ ತ್ಯಾಗ ಇನ್ನೊಬ್ಬರ ಮೇಲೆ ಹೊರೆಯಾಗಿ ಬೀಳಬಹುದೆಂಬ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ವ್ಯಾಪಾರ ಬೆಳೆದಂತೆ ಅದಕ್ಕೊಂದು ಚೌಕಟ್ಟು ಬೇಕಾಯಿತು. 1850ರ ದಶಕದ ಆರಂಭದಲ್ಲಿ ಬಾಸೆಲ್ಲಿನಲ್ಲಿ ಕೈಗಾರಿಕಾ ಸಮಿತಿ ನೇಮಕವಾಯಿತು. 1854ರಲ್ಲಿ ಗೊಟ್ಲೋಬ್ ಫ್ಲೈಡರರ್ ಎಂಬ ತರಬೇತಿ ಪಡೆದ ವರ್ತಕರನ್ನು ಮಂಗಳೂರಿಗೆ ಕಳಿಸಿದರು. ಅವರು ತೆರೆದ ಅಂಗಡಿ ಮೊದಲಿಗೆ ಠಾಣೆಗಳ ಮಿಷನರಿಗಳಿಗೆ ಬೇಕಾದ ಸಾಮಾನು ತರಿಸುವ, ನೇಯ್ದ ಬಟ್ಟೆ ಮಾರುವ ಜಾಗ. ವ್ಯವಹಾರ ಹಿಗ್ಗಿದಾಗ ದಾನದ ಹಣವನ್ನು ವ್ಯಾಪಾರದ ಅಪಾಯಕ್ಕೆ ಒಡ್ಡುವುದು ಸರಿಯಲ್ಲವೆಂಬ ಅಳುಕು ಹುಟ್ಟಿತು. ಬಡವರ ಅರ್ಧ ಬಾಟ್ಸೆನ್ ಹತ್ತಿಯ ಬೆಲೆ ಕುಸಿದಾಗ ಕೊಚ್ಚಿಹೋಗಬಾರದಲ್ಲ! ಹೀಗೆ 1859ರಲ್ಲಿ ಮಿಷನ್ ಟ್ರೇಡಿಂಗ್ ಕಂಪನಿ ಎಂಬ ಪ್ರತ್ಯೇಕ ಷೇರು ಕಂಪನಿ ಸ್ಥಾಪನೆಯಾಯಿತು.

ಅದರ ನಿಯಮಗಳು ಕಾಲಕ್ಕೆ ಅಪರೂಪದವು. ಬಾಸೆಲ್ಲಿನ ಭಕ್ತ ಮನೆತನಗಳು ಷೇರು ಕೊಂಡವು. ಆದರೆ ಷೇರುದಾರರಿಗೆ ಸಲ್ಲುವ ಲಾಭಾಂಶಕ್ಕೆ ಆರಂಭದಲ್ಲೇ ಮಿತಿ ಹಾಕಿದರು. ಹೂಡಿದ ಹಣಕ್ಕೆ ಸಾಧಾರಣ ಬಡ್ಡಿಯಷ್ಟು ಬಂದರೆ ಸಾಕು, ಉಳಿದ ಲಾಭದಲ್ಲಿ ದೊಡ್ಡ ಪಾಲು ಮಿಷನ್ನಿನ ಕೆಲಸಕ್ಕೆ ಹೋಗಬೇಕು. ಕಂಪನಿಯ ಕೆಲಸಕ್ಕೆ ಕಡಲಾಚೆ ಹೋದ ವರ್ತಕರೂ ಯಂತ್ರಜ್ಞರೂ ಬೋಧಕ ಮಿಷನರಿಗಳ ಸಾಲಿನವರೇ. ಲಾಭ ಎಷ್ಟೇ ಏರಲಿ ಅವರಿಗೆ ಅದರಲ್ಲಿ ಪಾಲಿಲ್ಲ. ಮಾರಾಟಕ್ಕೂ ಗೆರೆಯಿತ್ತು. ಮಿಷನ್ ಕೆಲಸ ಮಾಡುತ್ತಿದ್ದ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಬೇರೆ ಯುರೋಪಿಯನ್ ಅಂಗಡಿಗಳು ಸಾರಾಯಿ ಮಾರಿ ಹಣ ಮಾಡುತ್ತಿದ್ದಾಗ ಬಾಸೆಲ್ಲಿನವರು ಅದನ್ನು ಅಂಗಡಿಯೊಳಗೆ ಬಿಡಲಿಲ್ಲ.

ಆದರೂ ಚರ್ಚೆ ತಣ್ಣಗಾಗಲಿಲ್ಲ. ದೇವರಿಗೂ ಧನಕ್ಕೂ ಒಟ್ಟಿಗೆ ಊಳಿಗ ಮಾಡಲಾಗದು, ವ್ಯಾಪಾರದ ಕೈ ಕೊನೆಗೆ ಬೋಧನೆಯ ಕೈಯನ್ನು ಹಿಡಿದೆಳೆಯುತ್ತದೆ ಎಂದು ಕೆಲವರು ವಾದಿಸಿದರು. ಡೇರೆ ಹೊಲಿದು ಹೊಟ್ಟೆ ಹೊರೆದ ಅಪೊಸ್ತಲ ಪೌಲನನ್ನು ಇನ್ನು ಕೆಲವರು ಮುಂದಿಟ್ಟರು. ಹಣ ನಮ್ಮದಲ್ಲ, ನಾವು ಒಡೆಯನ ಮನೆವಾರ್ತೆ ನೋಡಿಕೊಳ್ಳುವವರು ಮಾತ್ರ ಎಂಬುದು ಕಂಪನಿಯ ಪರವಾಗಿದ್ದವರ ನಿಲುವು. ಎರಡು ಪಕ್ಷಗಳಲ್ಲೂ ನಿಜವಿತ್ತು, ಅದಕ್ಕೇ ಚರ್ಚೆ ಮುಗಿಯಲಿಲ್ಲ.

ಕಂಪನಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಗೇಯಾರ್ಗ್ ಪ್ಲೆಬ್ಸ್ಟ್ ಅವರ ಹಂಚು. ಮೆಕ್ಯಾನಿಕ್ ಆಗಿ ಬಂದು ಅಚ್ಚುಕೂಟದಲ್ಲಿ ದುಡಿದಿದ್ದ ಅವರು ಮಂಗಳೂರಿನ ನದಿಗಳ ದಡದ ಜೇಡಿಮಣ್ಣನ್ನು ಗಮನಿಸಿದರು. ಯುರೋಪಿಗೆ ಮರಳಿದಾಗ ಮಣ್ಣು ಸುಡುವ ವಿದ್ಯೆಯನ್ನು ಕಲಿತು ಬಂದರು. ಬಾಸೆಲ್ಲಿಗೆ ಹತ್ತಿರದ ಅಲ್ಸಾಸಿನಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಹೊಸ ಬಗೆಯ ಹಂಚಿಗೆ ಹಕ್ಕುಪತ್ರ ಪಡೆದಿದ್ದರು. ಅಂಚುಗಳು ಒಂದಕ್ಕೊಂದು ಕಚ್ಚಿ ಕೂರುವಂಥದ್ದು. ಆ ಬಗೆಯ ಹಂಚನ್ನು ಮಂಗಳೂರಿನ ಮಣ್ಣಿನಲ್ಲಿ ಒತ್ತಿ, ಸುಟ್ಟು ತೆಗೆಯುವ ಕಾರ್ಖಾನೆ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ಬಳಿ ಆರಂಭವಾಯಿತು. ಮೊದಲು ಹತ್ತಾರು ಜನ, ಮಣ್ಣು ಅರೆಯಲು ಎತ್ತುಗಳು, ದಿನಕ್ಕೆ ಕೆಲವು ನೂರು ಹಂಚು. ಮುಂದೆ ಉಗಿಯಂತ್ರ ಬಂತು.

ಅಲ್ಲಿಯವರೆಗೆ ಕರಾವಳಿಯ ಬಡವರ ಮಾಡು ಮುಳಿಹುಲ್ಲಿನದು, ಇಲ್ಲವೆ ತೆಂಗಿನ ಮಡಲಿನದು. ವರ್ಷವರ್ಷ ಹೊದೆಸಬೇಕು, ಬೇಸಿಗೆಯಲ್ಲಿ ಬೆಂಕಿಯ ಭಯ. ಕುಂಬಾರರ ನಾಡಹಂಚು ಇದ್ದರೂ ಅದು ಹಗುರ, ಗಾಳಿಮಳೆಗೆ ಸರಿಯುತ್ತಿತ್ತು. ಕಚ್ಚಿ ಕೂರುವ ಹಂಚು ಮುಂಗಾರಿನ ಹೊಡೆತಕ್ಕೆ ಜಗ್ಗಲಿಲ್ಲ. ಬೇಡಿಕೆ ಏರಿತು, ಕುದ್ರೋಳಿ, ಮಲ್ಪೆ, ಮಲಬಾರಿನ ಕೋಡಕ್ಕಲ್, ಫೆರೋಕ್ ಮುಂತಾದ ಕಡೆ ಮಿಷನ್ನಿನ ಕಾರ್ಖಾನೆಗಳು ಎದ್ದವು. ನೇತ್ರಾವತಿ, ಗುರುಪುರ ನದಿಗಳಲ್ಲಿ ದೋಣಿಗಟ್ಟಲೆ ಮಣ್ಣು ಬರುತ್ತಿತ್ತು, ಬಂದರಿನಿಂದ ಹಂಚು ಮುಂಬಯಿಗೆ, ಸಿಲೋನಿಗೆ, ಏಡನ್ನಿಗೆ, ಪೂರ್ವ ಆಫ್ರಿಕಕ್ಕೆ ಹೋಗುತ್ತಿತ್ತು. ಊರಿನ ಕ್ರೈಸ್ತ, ಹಿಂದೂ ಉದ್ಯಮಿಗಳು ಅದೇ ವಿದ್ಯೆ ಹಿಡಿದು ತಮ್ಮ ಕಾರ್ಖಾನೆ ಹೂಡಿದರು. ಮಂಗಳೂರು ಹಂಚು ಒಂದು ಸಂಸ್ಥೆಯ ಸರಕಿನಿಂದ ಒಂದು ಊರಿನ ಉದ್ಯಮವಾಯಿತು.

ಕಾರ್ಖಾನೆಯೊಳಗಿನ ಬದುಕಿಗೆ ಎರಡು ಮುಖಗಳಿವೆ, ಎರಡನ್ನೂ ನೋಡಬೇಕು.

ದಿನದ ಕೆಲಸ ಪ್ರಾರ್ಥನೆಯಿಂದ ಶುರು. ಭಾನುವಾರ ರಜೆ, ಗಂಟೆಗೆ ತಕ್ಕ ಪಾಳಿ, ನಿಗದಿಯಾದ ಕೂಲಿ. ಹೊಲದಲ್ಲಿ ಧಣಿಯ ಕರೆಗೆ ಓಡಬೇಕಾಗಿದ್ದ ಜನರಿಗೆ ಇದು ಹೊಸ ಅನುಭವ. ಕಾಯಿಲೆ ಬಿದ್ದವರಿಗೆ ನಿಧಿ, ಉಳಿತಾಯಕ್ಕೆ ವ್ಯವಸ್ಥೆ, ಕೆಲವರಿಗೆ ಮಿಷನ್ನಿನ ಜಾಗದಲ್ಲಿ ಮನೆ ಇತ್ತು. ಒಂದೇ ಮಗ್ಗದ ಕೊಠಡಿಯಲ್ಲಿ, ಒಂದೇ ಹಂಚಿನ ಒತ್ತುಯಂತ್ರದ ಬಳಿ ಬೇರೆಬೇರೆ ಜಾತಿಯಿಂದ ಬಂದವರು ನಿಂತು ದುಡಿದರು. ಹೆಂಗಸರೂ ಕೂಲಿಯನ್ನು ತಮ್ಮ ಕೈಗೆ ಪಡೆದರು. ಕ್ರಮೇಣ ಕ್ರೈಸ್ತರಲ್ಲದವರಿಗೂ ಅಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಲಿತ ಬಡಗಿ, ಕಮ್ಮಾರ, ಅಚ್ಚುಮೊಳೆ ಜೋಡಿಸುವವ, ಪುಸ್ತಕ ಕಟ್ಟುವವ ಮುಂದೆ ಬೇರೆ ಊರುಗಳಲ್ಲಿ ಕಸುಬು ಹಿಡಿದು ಬದುಕಿದರು.

ಇನ್ನೊಂದು ಮುಖ ಕಷ್ಟದ್ದು. ಸಭೆಯ ಶಿಸ್ತು, ಕೆಲಸ, ಮನೆ ಮೂರೂ ಒಂದೇ ಕೈಯಲ್ಲಿದ್ದವು. ಸಭೆಯಿಂದ ಹೊರಗಿಡಲ್ಪಟ್ಟವನಿಗೆ ದೇವರ ಭೋಜನ ಮಾತ್ರವಲ್ಲ, ದಿನದ ಭೋಜನವೂ ಅಲುಗಾಡುವ ಅಪಾಯವಿತ್ತು. ತನ್ನ ಯಜಮಾನನೇ ತನ್ನ ಬೋಧಕನಾದಾಗ ಕೂಲಿಯ ಬಗ್ಗೆ ತಕರಾರು ಎತ್ತುವುದು ಹೇಗೆ? ಕೆಲಸ ಕೊಟ್ಟದ್ದು ಉಪಕಾರವೆಂದು ಹೇಳಿದ ಮೇಲೆ ಹೆಚ್ಚು ಕೇಳುವುದು ಕೃತಘ್ನತೆ ಎನಿಸುತ್ತದೆ. ಕಾರ್ಖಾನೆಯ ಮೇಲಿನ ಸ್ಥಾನಗಳು ಯುರೋಪಿಯನ್ನರವು, ಷೇರುಗಳು ಬಾಸೆಲ್ಲಿನಲ್ಲಿ, ಲೆಕ್ಕ ನೋಡುವ ಮೇಜೂ ಅಲ್ಲೇ. ತಮ್ಮ ಲಾಭಕ್ಕೆ ಗೆರೆ ಎಳೆದುಕೊಂಡ ಬಾಸೆಲ್ಲಿನ ಉದ್ಯಮಿಗಳು ಆ ಗೆರೆ ಎಲ್ಲಿರಬೇಕೆಂದು ನಿರ್ಧರಿಸುವಾಗ ಹಂಚು ಒತ್ತುವವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ.

ಇದೇ ಅಂತರ ಹರ್ಮನ್ ಆನಂದರಾವ್ ಕೌಂಡಿನ್ಯರ ಬದುಕಿನಲ್ಲೂ ಇದೆ. ಮಂಗಳೂರಿನ ಬ್ರಾಹ್ಮಣ ಕುಟುಂಬದ ಈ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಕುಟುಂಬ, ಮರ್ಯಾದೆ, ವಾರಸು ಎಲ್ಲದರಿಂದ ದೂರವಾಗಿ ಅವರು ಬಾಸೆಲ್ಲಿಗೆ ಹೋಗಿ ಓದಿದರು. 1851ರಲ್ಲಿ ಗುರುದೀಕ್ಷೆ ಪಡೆದು ಮಿಷನರಿಯಾಗಿ ಮರಳಿದರು. ಯುರೋಪಿಯನ್ ಮಿಷನರಿಗಳ ಸರಿಸಮಾನ ಸ್ಥಾನ ಸಿಕ್ಕ ಭಾರತೀಯರು ಆ ಮಿಷನ್ನಿನಲ್ಲಿ ತೀರ ವಿರಳ. ಕೌಂಡಿನ್ಯರು ಆ ವಿರಳರಲ್ಲಿ ಮೊದಲಿಗರು. ಮೋಗ್ಲಿಂಗರ ಜೊತೆ ಸೇರಿ ಕೊಡಗಿನ ಆನಂದಪುರದಲ್ಲಿ, ತಲೆಮಾರುಗಳಿಂದ ಜೀತದಂಥ ದುಡಿಮೆಯಲ್ಲಿದ್ದ ಹೊಲೆಯರಿಗಾಗಿ ನೆಲೆಯೊಂದನ್ನು ಕಟ್ಟಿದರು. ಜಾತಿಯ ಮೇಲಿನ ತುದಿಯಿಂದ ಬಂದವನು ಕೆಳಗಿನ ತುದಿಯವರ ಜೊತೆ ಬಾಳಲು ಹೊರಟದ್ದು ಆ ಕಾಲದಲ್ಲಿ ಸಣ್ಣ ಮಾತಲ್ಲ.

ಕನ್ನಡಕ್ಕೆ ಸಿಕ್ಕ ದೊಡ್ಡ ಕೊಡುಗೆಗಳೂ ಸಂಸ್ಥೆಯ ನೇರ ಹಿತಕ್ಕೆ ಹೊರಗಿನವು. ಮೋಗ್ಲಿಂಗರು 1848ರಿಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಅದರ ವೆಚ್ಚ ಹೊತ್ತದ್ದು ನಿವೃತ್ತ ನ್ಯಾಯಾಧೀಶ ಕಾಸಮೇಜರ್. ಹರಿದಾಸರ ಕೀರ್ತನೆಯನ್ನೂ ಶಿವಶರಣರ ಪುರಾಣವನ್ನೂ ಮಿಷನ್ನಿನ ಅಚ್ಚುಕೂಟ ಮುದ್ರಿಸಿದ್ದರಿಂದ ಸಭೆಗೆ ಒಬ್ಬನೂ ಹೆಚ್ಚಾಗಲಿಲ್ಲ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಪಾಂಡಿತ್ಯದ ಕೆಲಸದಲ್ಲಿ ಮುಳುಗಿದಾಗ ಬೋಧನೆಯೇ ಮುಖ್ಯವೆಂದು ನಂಬಿದ್ದವರಿಗೆ ಅದು ಪೂರಾ ರುಚಿಸಲಿಲ್ಲ. ಅವರು ಬಿಡಲಿಲ್ಲ. 1894ರಲ್ಲಿ, ಕಣ್ಣು ಸೋತ ವಯಸ್ಸಿನಲ್ಲಿ, ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಅದೇ ಅಚ್ಚುಕೂಟದಿಂದ ಹೊರಬಂತು. ಅದರಿಂದ ಅವರಿಗೆ ಹಣ ಬರಲಿಲ್ಲ, ಕನ್ನಡಕ್ಕೆ ಕೋಶ ಬಂತು.

ಅದೇ ಮಂಗಳೂರಿನಲ್ಲಿ, ಕಥೋಲಿಕ ಪಾಳಯದಲ್ಲಿ, ಲಾಭ ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ಇನ್ನೊಂದು ಉತ್ತರ ಮೂಡಿತು. ಜೆಸ್ವಿಟರ ಜೊತೆ 1878ರ ಕೊನೆಯಲ್ಲಿ ಬಂದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದರು. ಔಷಧಗಳನ್ನು ಅಂಚೆಯ ಮೂಲಕ ದೇಶದ ನಾನಾ ಭಾಗಗಳಿಗೆ ಮಾರಿ, ಬಂದ ಹಣದಲ್ಲಿ ಬಡವರ ಚಿಕಿತ್ಸೆ ನಡೆಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, ಪ್ಲೇಗ್ ಬಂದಾಗ ಆ ರೋಗಿಗಳಿಗೂ ಜಾಗ ಮಾಡಿದರು. 1910ರಲ್ಲಿ ಅವರು ತೀರಿಕೊಂಡ ಮೇಲೆ ಸಂಸ್ಥೆ ಉಳಿಯಿತು. ಇಂದು ಮಂಗಳೂರು ಧರ್ಮಪ್ರಾಂತ್ಯದ ಕೈಯಲ್ಲಿ ಅದು ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು. ಇಲ್ಲೂ ವ್ಯಾಪಾರವಿತ್ತು, ಆದರೆ ದುಡಿದ ಹಣವೂ ಅದರ ಯಜಮಾನಿಕೆಯೂ ಊರಿನೊಳಗೇ ಉಳಿದವು.

ಯಜಮಾನಿಕೆ ಎಲ್ಲಿತ್ತೆಂಬುದರ ಬೆಲೆ ಬಾಸೆಲ್ ಮಿಷನ್ನಿನ ಜನಕ್ಕೆ 1914ರಲ್ಲಿ ತಿಳಿಯಿತು. ಮೊದಲ ಮಹಾಯುದ್ಧ ಶುರುವಾದೊಡನೆ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದವರಾದರು. ಸೈನ್ಯಕ್ಕೆ ಸೇರುವ ವಯಸ್ಸಿನವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಮುಂದೆ ಅವರನ್ನೂ ಉಳಿದವರನ್ನೂ ಹಡಗು ಹತ್ತಿಸಿ ಯುರೋಪಿಗೆ ಕಳಿಸಿದರು. ಕಂಪನಿಯ ಕಾರ್ಖಾನೆಗಳು, ಮಗ್ಗಗಳು, ಅಂಗಡಿಗಳು ಸರಕಾರದ ವಶಕ್ಕೆ ಹೋದವು. ಯುದ್ಧ ಮುಗಿಯುವ ಹೊತ್ತಿಗೆ ಅವನ್ನು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಒಪ್ಪಿಸಲಾಯಿತು. ಐವತ್ತು ವರ್ಷ ಮಣ್ಣು ಮಿದಿದು, ನೂಲು ಹೆಣೆದು ಆ ಆಸ್ತಿ ಬೆಳೆಸಿದ ಮಂಗಳೂರು, ಕಣ್ಣೂರಿನ ಕುಟುಂಬಗಳನ್ನು ಯಾರೂ ಕೇಳಲಿಲ್ಲ. ಕಾಗದದಲ್ಲಿ ಅವರ ಹೆಸರೇ ಇರಲಿಲ್ಲವಾದ್ದರಿಂದ ಕೇಳುವ ಪ್ರಸಂಗವೂ ಬರಲಿಲ್ಲ.

ಉಳಿದದ್ದು ಸಭೆ. ಮಿಷನರಿಗಳಿಲ್ಲದ ಆ ವರ್ಷಗಳಲ್ಲಿ ಊರಿನ ಸಭಾಪಾಲಕರು, ಉಪದೇಶಿಗಳು, ಹಿರಿಯರು ಕಾಣಿಕೆ ಕೂಡಿಸಿ ಆರಾಧನೆ ನಡೆಸಿದರು, ಶಾಲೆಗಳನ್ನು ಎಳೆದುಕೊಂಡು ಬಂದರು. ಅರ್ಧ ಬಾಟ್ಸೆನ್ ಕೊಡುತ್ತಿದ್ದ ವುರ್ಟೆಂಬರ್ಗಿನ ಹಳ್ಳಿಯವರ ಜಾಗದಲ್ಲಿ ಈಗ ಜೆಪ್ಪು, ಉಡುಪಿ, ಮೂಲ್ಕಿಯ ಕೂಲಿಯವರು ಕಾಣಿಕೆ ಹಾಕಿದರು. ಅಕ್ಕಿಗಾಗಿ ಬಂದವರೆಂಬ ಹಳೆಯ ಆರೋಪಕ್ಕೆ ಇದಕ್ಕಿಂತ ನೇರ ಉತ್ತರವಿಲ್ಲ. ಕೊಡುವವರು ಹೋದ ಮೇಲೂ ಅವರು ಸಭೆ ಬಿಟ್ಟು ಹೋಗಲಿಲ್ಲ. ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಭಾಗ.

ಹಾಗಾದರೆ ಲೆಕ್ಕ ಹೇಗೆ ಮುಗಿಸಬೇಕು? ಬಾಸೆಲ್ ಮಿಷನ್ನಿನ ನಿಸ್ವಾರ್ಥ ನಟನೆಯಾಗಿರಲಿಲ್ಲ. ತಮ್ಮ ಲಾಭಾಂಶಕ್ಕೆ ತಾವೇ ಮಿತಿ ಹಾಕಿಕೊಂಡ ವ್ಯಾಪಾರಿಗಳು, ಲಾಭದಲ್ಲಿ ಪಾಲಿಲ್ಲದೆ ದುಡಿದ ಪ್ಲೆಬ್ಸ್ಟ್, ಹಾಲರ್ ಅಂಥವರು, ಸೆಖೆಗೂ ಜ್ವರಕ್ಕೂ ತುತ್ತಾಗಿ ಇಲ್ಲೇ ಮಣ್ಣಾದ ಮಿಷನರಿಗಳು ಮತ್ತವರ ಹೆಂಡತಿಯರು, ಇವರೆಲ್ಲ ಕೊಟ್ಟದ್ದು ನಿಜವಾದ ಕೊಡುಗೆ. ಅವರು ಮನಸ್ಸಿನ ಒಳ್ಳೆಯತನವನ್ನು ಮಾತ್ರ ನೆಚ್ಚದೆ ನಿಯಮ ಬರೆದರು, ಲೆಕ್ಕ ಇಟ್ಟರು. ಅದು ಅವರ ದೊಡ್ಡ ವಿವೇಕ. ತಪ್ಪಿದ್ದು ಒಂದು ಕಡೆ. ಎಲ್ಲವನ್ನೂ ಕೊಡಲು ಸಿದ್ಧರಿದ್ದವರು ತೀರ್ಮಾನಿಸುವ ಅಧಿಕಾರವನ್ನು ಮಾತ್ರ ಕೊಡಲಿಲ್ಲ. ಹಣದ ಮೇಲಿನ ಆಸೆ ಗೆದ್ದವರಿಗೂ ಹಿಡಿತದ ಮೇಲಿನ ಆಸೆ ಗೆಲ್ಲುವುದು ಕಷ್ಟವಾಯಿತು. ಇಂದು ಶಾಲೆ, ಆಸ್ಪತ್ರೆ, ಜಮೀನು ಹೊಂದಿರುವ ಯಾವುದೇ ಧಾರ್ಮಿಕ ಸಂಸ್ಥೆ ಈ ಇತಿಹಾಸದಿಂದ ಕಲಿಯುವುದಿದ್ದರೆ ಇದನ್ನೇ ಕಲಿಯಬೇಕು.

ಈ ಕಥೆಯ ಅರ್ಧ ಭಾಗ ಇನ್ನೂ ಬರೆಯಬೇಕಾಗಿದೆ. ಮಿಷನರಿಗಳ ಪತ್ರ, ವರದಿ, ಛಾಯಾಚಿತ್ರಗಳು ಬಾಸೆಲ್ಲಿನ ದಾಖಲೆ ಭಂಡಾರದಲ್ಲಿ ಜೋಪಾನವಾಗಿವೆ. ಮಂಗಳೂರಿನಲ್ಲಿ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಹಳೆಯ ಕಾಗದಗಳಿವೆ. ಅವು ಬಹುಪಾಲು ಕೊಟ್ಟವರ ಮಾತು. ಪಡೆದವರ, ದುಡಿದವರ ಮಾತು ಜೆಪ್ಪು, ಕುದ್ರೋಳಿ, ಮಲ್ಪೆಯ ಮನೆಗಳಲ್ಲಿ ಅಜ್ಜ ಅಜ್ಜಿಯರ ನೆನಪಾಗಿ ಮಾತ್ರ ಉಳಿದಿದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿರುವ ಈ ಹೊತ್ತಿನಲ್ಲಿ ಆ ಮನೆಗಳವರು ಹಿರಿಯರ ಬಾಯಿಂದ ಕೇಳಿ ಬರೆದಿಡಬೇಕು: ಯಾವ ಕೆಲಸಕ್ಕೆ ಎಷ್ಟು ಕೂಲಿ, ಯಾರು ಕಲಿಸಿದರು, ಯಾರು ಕೆಲಸ ಕಳೆದುಕೊಂಡರು, ಕಾಣಿಕೆಗೆ ಎಷ್ಟು ಹಾಕಿದರು. ಹಳೆಯ ಕೂಲಿ ಚೀಟಿ, ಉಳಿತಾಯದ ಪುಸ್ತಕ, ಗುಂಪಿನ ಫೋಟೊ ಸಿಕ್ಕರೆ ಎಸೆಯದೆ ಬಲ್ಮಠದ ಸಂಗ್ರಹಕ್ಕೆ ತಲುಪಿಸಬೇಕು.